ಒಳಚಿಲಕ

ನನ್ನ ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ವಾಪಸು ಹೋದ ಮಾರನೆಯ ಬೆಳಿಗ್ಗೆ ಮಾವ ಅಂಗಡಿ ತೆರೆದರು. ನಮ್ಮ ಮನೆಯ ಮುಂಭಾಗವೇ ಮಾಂಸದ ಅಂಗಡಿ. ಅಡುಗೆಮನೆಗೂ ಅವರ ಕೊರಡಿಗೂ ನಡುವೆ ಒಂದೇ ಗೋಡೆ. ಮಚ್ಚು ಬಿದ್ದಾಗಲೆಲ್ಲ ನಮ್ಮ ಕಪಾಟಿನ ಲೋಟಗಳು ಒಂದಕ್ಕೊಂದು ತಾಗುತ್ತವೆ. ಆ ಬೆಳಿಗ್ಗೆಯೂ ತಾಗಿದವು.

ಅತ್ತೆ ಬಚ್ಚಲಿನ ನೆಲವನ್ನು ಇಟ್ಟಿಗೆ ಚೂರಿನಿಂದ ಉಜ್ಜುತ್ತಿದ್ದರು. ಬಂದವರಿಗೆಲ್ಲ ಅವರು ಆ ನೆಲವನ್ನು ತೋರಿಸಿದ್ದರು. "ಇಲ್ಲೇ ನೋಡಿ, ಇಲ್ಲೇ ಜಾರಿದ." ನೋಡಿದವರು ತಲೆಯಾಡಿಸಿ, ನೀರು ನಿಲ್ಲದ ಹಾಗೆ ಇಳಿಜಾರು ಮಾಡಿಸಿ ಎಂದು ಹೇಳಿ ಹೋಗಿದ್ದರು.

ನನ್ನ ಗಂಡ ಬಚ್ಚಲಲ್ಲಿ ಜಾರಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮಾವ ಅವರನ್ನು ತಳ್ಳಿದ್ದರು. ತಲೆ ನೀರಿನ ಕಲ್ಲುತೊಟ್ಟಿಯ ಅಂಚಿಗೆ ಬಡಿದಿತ್ತು. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಸದ್ದು ಕೇಳಿ ಒಳಗೆ ಬರುವಷ್ಟರಲ್ಲಿ ಅವರು ನೆಲದ ಮೇಲಿದ್ದರು, ಮಾವ ಮೇಲೆ ನಿಂತು "ಏಳು, ಏನಾಗಿಲ್ಲ" ಎನ್ನುತ್ತಿದ್ದರು. ಅವರು ಎದ್ದರು. ಊಟ ಮಾಡಿದರು. ಮಾರನೆಯ ದಿನ ಶಾಲೆಗೆ ಹೋಗಿ, ನಾಲ್ಕನೇ ತರಗತಿಯ ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದಾಗ ಕುಸಿದರು. ಆಸ್ಪತ್ರೆಯಲ್ಲಿ ಮಾವ "ಬಚ್ಚಲು" ಎಂದರು. ಅಲ್ಲಿಯವರು ಹಾಗೇ ಬರೆದುಕೊಂಡರು.

ಜಗಳ ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಏಟಿಗೆ ಕಾರಣ ಕೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

ತಿಂಡಿಗೆ ಹಜಾರಕ್ಕೆ ಮೈದುನ ಮೊದಲು ಬಂದ. ಅಣ್ಣನಿಗಿಂತ ಗಾತ್ರದಲ್ಲಿ ಒಂದೂವರೆ ಪಟ್ಟು. ಮೊಟ್ಟೆಯನ್ನು ಬ್ರೆಡ್ಡಿನೊಳಗೆ ಮಡಚಿ ಬಾಯಿಗೆ ತುರುಕಿಕೊಂಡ.

"ಮಗೂನ ಶಾಲೆಗೆ ಬಿಡೋರು ಯಾರು ಈಗ?" ಎಂದ.

"ನಾನೇ ಬಿಡ್ತೀನಿ" ಎಂದೆ.

ಮಾವ ಕೈ ತೊಳೆಯದೆ ಬಂದು ಕೂತರು. ತಟ್ಟೆ ನೋಡಿದರು. ಮೊಟ್ಟೆಯ ಅಂಚು ಕಂದಿತ್ತು. ತಟ್ಟೆ ಗೋಡೆಗೆ ಹೋಯಿತು.

"ಸತ್ತವರ ಜೊತೆ ಯಾರೂ ಸಾಯಲ್ಲ. ಒಲೆ ಮೇಲೆ ಗಮನ ಇರ್ಲಿ" ಎಂದರು.

ಅತ್ತೆ ತಟ್ಟೆ ಎತ್ತಿದರು. ಗೋಡೆ ಒರೆಸಿದರು. ಆ ಗೋಡೆಗೆ ಮಾತ್ರ ಅತ್ತೆ ಎಣ್ಣೆ ಬಣ್ಣ ಹೊಡೆಸಿದ್ದಾರೆ. ಒರೆಸಲು ಸುಲಭ.

ನನ್ನ ಮಗಳಿಗೆ ಮನೆಯಲ್ಲಿ ಎಲ್ಲರೂ ಮೆಣಸು ಅನ್ನುತ್ತಾರೆ. ಹೆಸರಿಟ್ಟವರು ಮಾವ. ಎರಡನೇ ತರಗತಿ. ಅವಳ ತಟ್ಟೆಗೆ ಮಾವ ತಮ್ಮ ಬ್ರೆಡ್ಡಿನ ಮೆತ್ತಗಿನ ಭಾಗ ಕಿತ್ತು ಹಾಕಿದರು. "ತಿನ್ನು ಮೆಣಸು. ನೀನು ಈ ಮನೆ ಸೊತ್ತು." ಆಮೇಲೆ ನನ್ನ ಕಡೆ ತಿರುಗಿ, "ಶಾಲೆ ರಜ ಬಿಟ್ಟ ಮೇಲೆ ಗಲ್ಲಾದಲ್ಲಿ ನೀನು ಕೂತ್ಕೋ. ಓದಿರೋಳು, ಕೂಡೋದು ಕಳೆಯೋದು ಬರುತ್ತಲ್ಲ. ತವರಿಗೆ ಹೋಗ್ಬೇಕು ಅನ್ಸಿದ್ರೆ ಹೋಗು. ಮಗು ಹೋಗಲ್ಲ" ಎಂದರು.

ನನಗೆ ಹೋಗಲು ತವರು ಇಲ್ಲ. ಅದು ಅವರಿಗೆ ಗೊತ್ತು.

*

ಆ ಮನೆಯ ಯಾವ ಬಾಗಿಲಿಗೂ ಒಳಗಡೆ ಚಿಲಕ ಇಲ್ಲ. ನಾನು ಮದುವೆಯಾಗಿ ಬರುವ ಎಷ್ಟೋ ಮೊದಲು, ಅತ್ತೆ ಒಮ್ಮೆ ಏಟು ತಪ್ಪಿಸಿಕೊಳ್ಳಲು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರಂತೆ. ಮಾವ ಬಾಗಿಲು ಒಡೆದರು, ಅತ್ತೆಯ ಮುಂಗೈಯನ್ನೂ ಒಡೆದರು. ಆಮೇಲೆ ಮನೆಯ ಒಳಚಿಲಕಗಳನ್ನೆಲ್ಲ ಬಿಚ್ಚಿ ಗುಜರಿಗೆ ಹಾಕಿದರು. ಸ್ಕ್ರೂ ಕಿತ್ತ ತೂತುಗಳು ಈಗಲೂ ಬಾಗಿಲುಗಳಲ್ಲಿವೆ. ಅತ್ತೆ ಅವುಗಳಿಗೆ ಸೋಪು ತುಂಬಿ ಮುಚ್ಚಿದ್ದಾರೆ.

ಬಚ್ಚಲಿಗೂ ಚಿಲಕ ಇಲ್ಲ. ಒಳಗಿದ್ದವರು ಹಾಡುತ್ತಿರಬೇಕು. ಅತ್ತೆ ದೇವಮಾತೆಯ ಹಾಡು ಹಾಡುತ್ತಾರೆ. ಮೈದುನ ಸಿನಿಮಾ ಹಾಡು. ನನ್ನ ಗಂಡ ಮಗ್ಗಿ ಹೇಳುತ್ತಿದ್ದರು. ಹತ್ತೊಂಬತ್ತರ ಮಗ್ಗಿ ಕೇಳಿಸಿದರೆ ಇನ್ನೂ ತಡವಾಗುತ್ತದೆ ಎಂದು ಅರ್ಥ. ಮದುವೆಯಾದ ಹೊಸದರಲ್ಲಿ ನನಗೆ ನಗು ಬರುತ್ತಿತ್ತು.

*

ಶಾಲೆಯಲ್ಲಿ ವರ್ಷ ಮುಗಿಯುವ ಗಡಿಬಿಡಿ ಶುರುವಾಗಿತ್ತು. ವರಾಂಡದಲ್ಲಿ ಕಾಲು ಮುರಿದ ಕುರ್ಚಿಗಳನ್ನು ಸಾಲಾಗಿ ಒರಗಿಸಿದ್ದರು. ಈ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಕೊನೆಯ ದಿನ ಚರ್ಚಿನ ಪೂಜೆ ಮುಗಿದ ಮೇಲೆ ಪ್ರತಿ ಮಗುವೂ ತನ್ನ ಕುರ್ಚಿಯನ್ನು ತಾನೇ ಹೊತ್ತು, ಮುಂದಿನ ವರ್ಷದ ತರಗತಿಗೆ ಸಾಗಿಸಿ, ಅಲ್ಲಿ ಇಟ್ಟು ಮನೆಗೆ ಹೋಗುತ್ತದೆ. ಹಾಗಾಗಿ ಅಷ್ಟರೊಳಗೆ ಎಲ್ಲ ಕುರ್ಚಿಗಳೂ ರಿಪೇರಿಯಾಗಬೇಕು. ಹೆಡ್ ಸಿಸ್ಟರ್ ಸ್ವತಃ ತೋಳು ಮಡಚಿ ಮಾಡುತ್ತಾರೆ. ಪ್ರತಿ ವರ್ಷ ನನ್ನ ಗಂಡ ಅವರಿಗೆ ಜೊತೆಯಾಗುತ್ತಿದ್ದರು.

ಸಿಸ್ಟರ್ ನನ್ನನ್ನು ತಮ್ಮ ಕೋಣೆಗೆ ಕರೆದು ಕೂರಿಸಿದರು. ಸಮಾಧಾನದ ಮಾತು ಆಡಲಿಲ್ಲ. ಅದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ.

"ಮೂರು ವಿಷಯ ಇದೆಯಮ್ಮ. ಯಾವುದೂ ಸಣ್ಣದಲ್ಲ. ಒಂದು, ನಿಮ್ಮ ಮಗಳು ನಿನ್ನೆ ಒಂದು ಹುಡುಗಿ ತುಟಿ ಒಡೆದಿದ್ದಾಳೆ. ಊಟದ ಡಬ್ಬೀಲಿ ಹೊಡೆದಳು."

"ಯಾಕಂತೆ?"

"'ನಿಮ್ಮಪ್ಪ ಬಚ್ಚಲಲ್ಲಿ ಜಾರಿ ಸತ್ತ' ಅಂತ ಆ ಮಗು ಅಂತು. ಅದಕ್ಕೆ. ಏಟು ಬಿದ್ದು ಅದು ಕೆಳಗೆ ಬಿದ್ದಾಗ ಇವಳು ಮೇಲೆ ನಿಂತು ಏನಂದಳು ಗೊತ್ತಾ? 'ಏಳು, ಏನಾಗಿಲ್ಲ' ಅಂದಳಂತೆ."

ನಾನು ಮೇಜಿನ ಮೇಲಿನ ಗೋಂದಿನ ಬಾಟಲಿ ನೋಡುತ್ತಿದ್ದೆ. ಮುಚ್ಚಳಕ್ಕೆ ಒಂದು ಇರುವೆ ಅಂಟಿಕೊಂಡಿತ್ತು.

"ಅವಳದ್ದೇ ಇನ್ನೊಂದು ಮಾತು. ಅವಳು ಟಾಯ್ಲೆಟ್ಟಿಗೆ ಹೋದ್ರೆ ಚಿಲಕ ಹಾಕಲ್ಲ. ಹಾಡ್ತಾಳೆ. ಜೋರಾಗಿ. ಮಕ್ಕಳು ಬಾಗಿಲು ತಳ್ಳಿ ನಗ್ತಾರೆ. ಯಾಕೆ ಹಾಡ್ತೀಯ ಅಂದ್ರೆ, ಮತ್ತೆ ಬೇರೆಯವರಿಗೆ ಹೇಗೆ ಗೊತ್ತಾಗುತ್ತೆ ಅಂತಾಳೆ."

ಅವರು ಗೋಂದಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು.

"ಎರಡನೇದು. ಮೂರನೇ ಕ್ಲಾಸಿನ ಟೀಚರ್ ಈ ವರ್ಷಕ್ಕೆ ಬಿಡ್ತಿದ್ದಾರೆ. ನೀವು ಎಂ.ಎ. ಮಾಡಿದ್ದೀರಿ. ಜೂನಿಗೆ ಬನ್ನಿ. ಹಿಂದಗಡೆ ಟೀಚರ್ ಕೋಣೆ ಇದೆ, ಒಲೆ ಇದೆ, ನಲ್ಲಿ ಇದೆ. ಬೇಕಾದ್ರೆ ಮಗು ಜೊತೆ ರಜದಲ್ಲೇ ಬಂದಿರಿ. ವರ್ಷದ ಸುದ್ದಿಪತ್ರ ಅಚ್ಚಿಗೆ ಕೊಡೋ ಮುಂಚೆ ಹೇಳಿ, ಯಾವ ಕ್ಲಾಸಿಗೆ ಯಾರು ಅಂತ ಅದರಲ್ಲಿ ಹಾಕ್ಬೇಕು. ಮತ್ತೆ ಅದರಲ್ಲೇ ನಿಮ್ಮವರ ಬಗ್ಗೆಯೂ ನಾಲ್ಕು ಸಾಲು ಬರೀಬೇಕು. ಹೇಗೆ ತೀರ್ಕೊಂಡರು ಅಂತ ಬರೀಲಿ?"

"ಮೂರನೇದು?" ಎಂದೆ.

ಸಿಸ್ಟರ್ ನನ್ನ ಮುಖ ನೋಡಿ, ಒತ್ತಾಯ ಮಾಡಲಿಲ್ಲ. "ಮೂರನೇದು ಬೈರಿಗೆ. ತೂತು ಕೊರೆಯೋದು, ಹಿಡಿ ತಿರುಗಿಸೋ ಅಂಥದ್ದು. ಮನೇಲಿ ಒಂದು ಸಣ್ಣ ಕೆಲಸ ಇದೆ ಅಂತ ನಿಮ್ಮವರು ತಗೊಂಡು ಹೋಗಿದ್ರು. ಕುರ್ಚಿಗಳಿಗೆ ಬೇಕು. ಹುಡುಕಿ ಕಳ್ಸಿ."

*

ಬೈರಿಗೆ ನನ್ನ ಗಂಡನ ಚೀಲದಲ್ಲಿ ಇರಲಿಲ್ಲ. ಮಂಚದ ಕೆಳಗೂ ಇರಲಿಲ್ಲ. ಊಟದ ಹೊತ್ತಿಗೆ ಮೈದುನನನ್ನು ಕೇಳಿದೆ.

"ಬೈರಿಗೇನಾ?" ಅವನ ಕೈ ಬಾಯಿಯ ಹತ್ತಿರವೇ ನಿಂತಿತು. ಅಪ್ಪನ ಕಡೆ ನೋಡಿದ. "ನಂಗೇನು ಗೊತ್ತು ಅತ್ತಿಗೆ? ನಾನೇನು ಬಡಗೀನಾ?"

"ಶಾಲೇದು. ವಾಪಸ್ ಕೊಡ್ಬೇಕು."

ಮಾವ ತಮ್ಮ ಲೋಟವನ್ನು ಕೆಳಗಿಟ್ಟರು. ಮೆತ್ತಗೆ ಇಟ್ಟರು. ಮನೆಯಲ್ಲಿ ಎಲ್ಲರೂ ಹೆದರುವುದು ಅವರು ಮೆತ್ತಗೆ ಇಟ್ಟಾಗ.

"ಆ ಸಾಮಾನಿನ ಹೆಸರು ಈ ಮನೇಲಿ ಇನ್ನೊಂದು ಸಲ ಎತ್ತಿದ್ರೆ ನಾಲಿಗೆ ಕೊರಡಿನ ಮೇಲಿರುತ್ತೆ."

ಬೀದಿಯಲ್ಲಿ ಮಾವನಿಗೆ ಒಳ್ಳೆಯ ಹೆಸರಿದೆ. ತೂಕದಲ್ಲಿ ಮೋಸ ಇಲ್ಲ. ಬಡವರ ಚೀಲಕ್ಕೆ ಮೂಳೆ ಜಾಸ್ತಿ ಹಾಕುತ್ತಾರೆ. ಮಕ್ಕಳಿಗೆ ಕಣ್ಣು ಮಿಟುಕಿಸುತ್ತಾರೆ. ಆ ವಾರ ಒಂದು ಬೆಳಿಗ್ಗೆ ನಾನು ಅಂಗಡಿಗೆ ಕಾಫಿ ಕೊಡಲು ಹೋದಾಗ ಅವರು ತೊಡೆಯ ಒಂದು ತುಂಡನ್ನು ಕೊಬ್ಬು ಬಿಡಿಸಿ ಬೇರೆ ಇಡುತ್ತಿದ್ದರು. ನನ್ನ ಗಂಡನಿಗೆ ಕೊಬ್ಬು ಆಗುತ್ತಿರಲಿಲ್ಲ. ಅವರಿಗೆಂದೇ ಅದನ್ನು ಹಾಗೆ ತೆಗೆದಿಡುವ ಅಭ್ಯಾಸ. ಅರ್ಧ ಬಿಡಿಸಿದ ಮೇಲೆ ಮಾವನಿಗೆ ನೆನಪಾಯಿತು. ತುಂಡನ್ನು ಕೈಯಲ್ಲಿ ಹಿಡಿದು ನಿಂತರು. ಆಮೇಲೆ ಅದನ್ನು ಕೊರಡಿನ ಮೇಲಿಟ್ಟು ಮಚ್ಚಿನಿಂದ ಹೊಡೆದರು. ಅದು ಮಾಂಸವೆಂದು ಗುರುತು ಸಿಗದ ಹಾಗೆ ಆಗುವವರೆಗೂ ಹೊಡೆದರು. ಗಿರಾಕಿಗಳು ಹಿಂದೆ ಸರಿದರು.

ನಾನು ಕಾಫಿ ಇಟ್ಟು ಬಂದೆ.

*

ಬೈರಿಗೆ ಸಿಕ್ಕಿದ್ದು ಅಕ್ಕಿ ಡ್ರಮ್ಮಿನಲ್ಲಿ. ಅಕ್ಕಿ ತಳ ಕಂಡಿತ್ತು, ಅತ್ತೆ ಹಜಾರದಲ್ಲಿ ಅಡ್ಡಾಗಿದ್ದರು, ನಾನು ಕೈ ಹಾಕಿದೆ. ಬಟ್ಟೆಯಲ್ಲಿ ಸುತ್ತಿತ್ತು. ಜೊತೆಗೆ ಒಂದು ಹೊಸ ಚಿಲಕ, ಕಾಗದದ ಪೊಟ್ಟಣದಲ್ಲಿ ಸ್ಕ್ರೂಗಳು, ಮೋಟು ಸ್ಕ್ರೂಡ್ರೈವರು.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ನಮ್ಮ ಕೋಣೆಗಾ?" ಎಂದೆ.

"ನಿಮ್ಮ ಕೋಣೆಗಲ್ಲ. ಇಲ್ಲಿಗೆ." ಅವರು ಅಡುಗೆಮನೆಯ ಬಾಗಿಲನ್ನು ಗೋಡೆಯಿಂದ ಈಚೆ ಎಳೆದು ಅದರ ಒಳಮೈ ತೋರಿಸಿದರು. ಹಳೆಯ ತೂತುಗಳಿಗಿಂತ ಮೇಲೆ ಒಂದು ಹೊಸ ತೂತು ಇತ್ತು. ಅದಕ್ಕೂ ಸೋಪು ತುಂಬಿತ್ತು. ಸುತ್ತ ಪೆನ್ಸಿಲಿನಿಂದ ಸಣ್ಣ ಸಣ್ಣ ಇಂಟು ಗುರುತು. ಮಕ್ಕಳ ತಪ್ಪು ಲೆಕ್ಕಕ್ಕೆ ನನ್ನ ಗಂಡ ಹಾಕುತ್ತಿದ್ದ ಅದೇ ಗುರುತು.

"ನಾನೇ ಅವನನ್ನ ಕೇಳಿದ್ದು" ಎಂದರು ಅತ್ತೆ. "ಮೊಣಕಾಲು ಬಿಟ್ಟೋಗಿದೆ ಕಣೋ, ಮೊದಲಿನ ಹಾಗೆ ಓಡಕ್ಕಾಗಲ್ಲ, ಒಂದು ಚಿಲಕ ಹಾಕ್ಕೊಡು ಅಂದೆ. ನಾನು ಹೇಗೂ ಇಲ್ಲೇ ಮಲಗೋದು. ನಗ್ತಾ ತಂದ. ಒಂದು ತೂತು ಕೊರೆದ. ಅಷ್ಟರಲ್ಲಿ ನಿಮ್ಮ ಮಾವ ಬಂದ್ರು. 'ನನ್ನ ಮನೇಲಿ ಒಳಗಡೆ ಚಿಲಕ ಹಾಕೋ ಮಗ ಯಾವನು' ಅಂದ್ರು. 'ನಾನೇ ಅಪ್ಪ' ಅಂದ ಇವನು."

"ಆಮೇಲೆ?"

"ಆಮೇಲೆ ನೀನು ಬಂದೆಯಲ್ಲ."

ಅವರು ತೊಟ್ಟಿಯ ಅಂಚಿನ ಮೇಲೆ ಕೂತರು. ಅದೇ ಅಂಚು. ಎದ್ದು ಬೇರೆ ಕಡೆ ಕೂತರು.

"ಬಚ್ಚಲು ಅಂತ ಹೇಳಿ ಹೇಳಿ ನನಗೇ ನಿಜ ಅನ್ಸೋಕೆ ಶುರುವಾಗಿದೆ. ಅದಕ್ಕೇ ಉಜ್ಜೋದು. ರಕ್ತ ಇದೆಯೇನೋ ಅಂತ ಹುಡುಕ್ತೀನಿ."

ನಾನು ಸಿಸ್ಟರ್ ಹೇಳಿದ ಕೆಲಸ, ಕೋಣೆ, ಒಡೆದ ತುಟಿ, ಎಲ್ಲವನ್ನೂ ಹೇಳಿದೆ. 'ಏಳು, ಏನಾಗಿಲ್ಲ' ಎಂದದ್ದನ್ನೂ ಹೇಳಿದೆ. ಅತ್ತೆ ಆ ಮಾತಿಗೆ ಕಿವಿಯ ಮೇಲೆ ಕೈಯಿಟ್ಟುಕೊಂಡರು.

"ಹೋಗು" ಎಂದರು. "ಅವಳು ಇನ್ನೊಂದು ವರ್ಷ ಇಲ್ಲಿದ್ರೆ ಮಚ್ಚು ಹಿಡೀತಾಳೆ, ಇಲ್ಲ ನನ್ನ ಹಾಗೆ ಹಾಡ್ತಾಳೆ. ಎರಡೂ ಬೇಡ."

"ನೀವೂ ಬನ್ನಿ."

"ನಾನು ಬಂದ್ರೆ ಇವರಿಗೆ ಬೇಯ್ಸಿ ಹಾಕೋರು ಯಾರು?" ಎಂದವರು ತಮ್ಮ ಮಾತಿಗೆ ತಾವೇ ಬೈದುಕೊಂಡರು. "ನೋಡು, ಹೊಡೆಸ್ಕೊಂಡ ನಾಲಿಗೇನೂ ಅದನ್ನೇ ಹೇಳುತ್ತೆ. ನನ್ನ ವಿಷಯ ಬಿಡು. ಅವನು ಶುರು ಮಾಡಿದ ಕೆಲಸ ಮುಗಿಸಿ ಹೋಗು. ನಿಂಗೆ ತಿರುಗಿಸಕ್ಕೆ ಬರುತ್ತಾ?"

ಬರುತ್ತಿರಲಿಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಗೋಡೆಯಾಚೆ ಮಚ್ಚು ಬೀಳುವಾಗ ತಿರುಗಿಸುತ್ತಿದ್ದೆ, ನಿಂತಾಗ ನಿಲ್ಲಿಸುತ್ತಿದ್ದೆ. ಅತ್ತೆ ಹೇರ್‌ಪಿನ್ನಿನಿಂದ ಸೋಪು ಕೆದಕಿದರು. ಬಾಗಿಲು ಗಟ್ಟಿ ಮರದ್ದು. ಅಂಗೈ ಬೊಬ್ಬೆ ಎದ್ದಿತು. ಎರಡು ಗುರುತು ತಪ್ಪಿ ಪಕ್ಕಕ್ಕೆ ಹೋದೆ. ಮುಗಿದ ಮೇಲೆ ಅತ್ತೆ ಚಿಲಕವನ್ನು ಒಮ್ಮೆ ಎಳೆದು, ಒಮ್ಮೆ ಬಿಟ್ಟು, ಮತ್ತೆ ಎಳೆದರು. ಹಿಡಿಗೆ ಎಣ್ಣೆ ಹಚ್ಚಿದರು. ಅದರ ಮೇಲೆ ಕೈ ಒರೆಸುವ ಬಟ್ಟೆ ನೇತುಹಾಕಿ ಬಾಗಿಲನ್ನು ಗೋಡೆಗೆ ಒರಗಿಸಿದರು. ಹಗಲು ಬಾಗಿಲು ಯಾವಾಗಲೂ ಗೋಡೆಗೆ ಒರಗಿಯೇ ಇರುತ್ತದೆ. ಮಾವ ಅಡುಗೆಮನೆಯೊಳಗೆ ಬರುವುದು ಹೊಡೆಯಲು ಮಾತ್ರ.

ಮಾರನೆಯ ದಿನ ಸಿಸ್ಟರಿಗೆ ಎರಡು ಉತ್ತರ ಕೊಟ್ಟೆ. ಮೂರನೇ ತರಗತಿ ನಾನು ತೆಗೆದುಕೊಳ್ಳುತ್ತೇನೆ. ಸುದ್ದಿಪತ್ರದಲ್ಲಿ ಬಚ್ಚಲು ಎಂದು ಬರೆಯಬೇಡಿ.

"ಮತ್ತೇನು ಬರೀಲಿ?"

"ಮನೆಯಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು ಅಂತ. ಹೊಡೆದವರು ಯಾರು ಅಂತ ನಾನೇ ಹೇಳ್ಬೇಕಾದ ಕಡೆ ಹೇಳ್ತೀನಿ. ಮೊದಲು ಮಗು ಹೊರಗೆ ಬರ್ಲಿ."

"ಠಾಣೆಗೆ ನಾನೂ ಬರ್ತೀನಿ" ಎಂದರು ಸಿಸ್ಟರ್. ಕನ್ನಡಕ ತೆಗೆದು ಒರೆಸಿಕೊಂಡರು. "ಬೈರಿಗೆ ಸಿಕ್ತಾ?"

"ಸಿಕ್ತು. ಈಗ ಅಂಗಡಿ ಮುಂದೆ ಹಾದು ತರಕ್ಕಾಗಲ್ಲ, ಕೊನೇ ದಿನ ತರ್ತೀನಿ."

ಸುದ್ದಿಪತ್ರ ಕೊನೆಯ ದಿನವೇ ಮಕ್ಕಳ ಕೈಗೆ ಬರುತ್ತದೆ, ಅಷ್ಟರಲ್ಲಿ ನಾನು ಹೊರಗಿರುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಪ್ರೆಸ್ಸಿನವನು ಆ ವರ್ಷ, ಎಂದೂ ಇಲ್ಲದ ಹಾಗೆ, ಹಿಂದಿನ ದಿನವೇ ತಂದುಕೊಟ್ಟ. ಕಚೇರಿಯ ಗುಮಾಸ್ತೆ ಮಧ್ಯಾಹ್ನಕ್ಕೇ ಹಂಚಿಬಿಟ್ಟಳು.

*

ಸಂಜೆ ದರ್ಜಿಯ ಹೆಂಡತಿ ಮಾಂಸಕ್ಕೆ ಬಂದಳು. ಅವಳ ಮಗನೂ ಅದೇ ಶಾಲೆ. ನಾನು ಒಳಗೆ ಬೇಳೆ ಆರಿಸುತ್ತಿದ್ದೆ. ಗೋಡೆಯಾಚೆಯ ಮಾತು ಸ್ಪಷ್ಟವಾಗಿ ಕೇಳಿಸಿತು.

"ಯಜಮಾನ್ರೇ, ಸೊಸೆ ಮೂರನೇ ಕ್ಲಾಸಿಗಂತೆ! ಒಳ್ಳೇದಾಯ್ತು ಬಿಡಿ. ಶಾಲೆ ಹಿಂದಿನ ಕೋಣೇಲೇ ಇರ್ತಾರಂತೆ?"

ಮಚ್ಚು ನಿಂತಿತು.

"ಮತ್ತೆ ಮಾಸ್ತರರ ಬಗ್ಗೆಯೂ ಚೆನ್ನಾಗಿ ಬರ್ದಿದ್ದಾರೆ. ಆದ್ರೆ ಬಚ್ಚಲು ಅಂದಿದ್ರಲ್ಲ ನೀವು? ಇದರಲ್ಲಿ ಬಚ್ಚಲೇ ಇಲ್ಲ. ಪೆಟ್ಟು ಅಂತಿದೆ."

ಷಟರ್ ಅರ್ಧಕ್ಕೆ ಇಳಿದ ಸದ್ದು. ಮಾವ ಒಳಗೆ ಬಂದರು. ಕೈಯಲ್ಲಿ ಸುದ್ದಿಪತ್ರ, ಅಂಚಿಗೆ ರಕ್ತದ ಹೆಬ್ಬೆಟ್ಟು. ಹಿಂದೆ ಮೈದುನ. ಮೆಣಸು ಅಡುಗೆಮನೆಯ ಬಾಗಿಲಲ್ಲಿ ಕೂತು ಶೂ ಒರೆಸುತ್ತಿದ್ದಳು. ಅತ್ತೆ ಒಲೆಯ ಮುಂದೆ.

"ಓದು" ಎಂದು ಮಾವ ಕಾಗದವನ್ನು ಮೈದುನನ ಎದೆಗೆ ಒತ್ತಿದರು. "ಗಟ್ಟಿಯಾಗಿ ಓದು."

ಅವನು ಓದಿದ. "'ನಾಲ್ಕನೇ ತರಗತಿಯ ಶಿಕ್ಷಕರು ತಮ್ಮ ಮನೆಯಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ...'"

"ಬಚ್ಚಲು ಎಲ್ಲಿ?"

"ಇಲ್ಲಪ್ಪ."

"ಬರೆಸಿದ್ದು ಯಾರು?"

"ನಾನು" ಎಂದೆ.

ಮೊದಲ ಏಟು ಮೈದುನನದು. ಅಪ್ಪನಿಗಿಂತ ಮೊದಲು ತಾನು ಹೊಡೆದರೆ ಕಡಿಮೆಯಲ್ಲಿ ಮುಗಿಯುತ್ತದೆ ಎಂದು ಅವನು ಅಂದುಕೊಂಡಿರಬಹುದು. ಆ ಮನೆಯಲ್ಲಿ ಕರುಣೆಗೂ ಅದೇ ಕೈ. ಕೆನ್ನೆಯ ಒಳಗಡೆ ಹಲ್ಲು ಚುಚ್ಚಿತು. ಬೇಳೆಯ ಮೊರ ಕೈಜಾರಿ ನೆಲದ ತುಂಬ ಬೇಳೆ ಚೆಲ್ಲಿತು.

ಮೆಣಸು ಎದ್ದಳು. ಚಿಕ್ಕಪ್ಪನ ಕೈಗೆ ಬಾಯಿ ಹಾಕಿ ಕಚ್ಚಿದಳು. ಅವನು ಕೊಡವಿದ. ಅವಳು ಬಿಡಲಿಲ್ಲ. ಅವನು ಕೂಗಿಕೊಂಡ.

"ಬಿಡೇ ಮೆಣಸು!" ಮಾವ ಅವಳ ಜಡೆ ಹಿಡಿದು ಎಳೆದರು. ಅವಳು ತಿರುಗಿ ಅವರ ಮುಖಕ್ಕೆ ಉಗಿದಳು. ಚಿಕ್ಕಪ್ಪನ ರಕ್ತ ಅದರಲ್ಲಿತ್ತು.

"ನೀನೇ ತಳ್ಳಿದ್ದು" ಎಂದಳು. "ನಾನು ನೋಡ್ದೆ. ನೀನೇ ತಾತ."

ಮಾವ ಸೊಂಟದ ಬೆಲ್ಟಿಗೆ ಕೈ ಹಾಕಿದರು. ಅವಳ ಮೇಲೆ ಅವರು ಕೈ ಎತ್ತಿದ್ದೇ ಇಲ್ಲ, ಅಲ್ಲಿಯವರೆಗೆ. ಬೆಲ್ಟು ಸೊಂಟದಿಂದ ಪೂರ್ತಿ ಹೊರಬರುವ ಮೊದಲು ಒಲೆಯ ಮೇಲಿದ್ದ ಪಾತ್ರೆ ಗಾಳಿಯಲ್ಲಿ ಬಂತು. ಬಿಸಿನೀರು ಅವರ ಭುಜದ ಮೇಲೆ ಬಿತ್ತು, ಪಾತ್ರೆ ಎದೆಗೆ ಬಡಿಯಿತು. ಅವರು ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಬೇಳೆಯ ಮೇಲೆ ಕಾಲಿಟ್ಟು ಜಾರಿ, ಹೊಸ್ತಿಲಿನಾಚೆ ಬಿದ್ದರು. ಈ ಸಲ ನಿಜವಾಗಿ ಜಾರಿದ್ದು.

ಎಸೆದದ್ದು ಅತ್ತೆ. ಅವರ ಕೈ ಇನ್ನೂ ಗಾಳಿಯಲ್ಲೇ ಇತ್ತು.

"ಹೊರಗೆ ಹೋಗೋ!" ಎಂದು ಮೈದುನನನ್ನು ಸೌಟಿನಿಂದ ಬಡಿದು ಹೊಸ್ತಿಲು ದಾಟಿಸಿದರು. ಬಾಗಿಲನ್ನು ಗೋಡೆಯಿಂದ ಎಳೆದರು. ಬಟ್ಟೆ ಕಿತ್ತೆಸೆದರು. ಚಿಲಕ ಹಾಕಿದರು.

ಒಳಗೆ ನಾವು ಮೂವರು. ಅಡುಗೆಮನೆಗೆ ಇನ್ನೊಂದು ಬಾಗಿಲಿಲ್ಲ, ಬೀದಿಯ ಕಡೆಗೆ ಸರಳಿನ ಕಿಟಕಿ ಒಂದೇ.

ಮಾವ ಹೊರಗಿನಿಂದ ಬಾಗಿಲು ತಳ್ಳಿದರು. ಮತ್ತೆ ತಳ್ಳಿದರು. ಅದು ತೆರೆಯಲಿಲ್ಲ. ಯಾಕೆ ತೆರೆಯುತ್ತಿಲ್ಲ ಎಂದು ಅರ್ಥವಾಗಲು ಮಾವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರಿಂದ ಹೊರಟ ಕೂಗು ಮನುಷ್ಯರದ್ದಾಗಿರಲಿಲ್ಲ.

ಮೆಣಸು ತೊಟ್ಟಿಯ ಹಿಂದೆ ಮುದುಡಿ ಕೂತಿದ್ದಳು. ಮೆಲ್ಲಗೆ ಹಾಡತೊಡಗಿದಳು. ಅಜ್ಜಿಯ ಹಾಡು.

ಅತ್ತೆ ಅವಳ ಬಾಯಿಯ ಮೇಲೆ ಕೈಯಿಟ್ಟರು. "ಹಾಡ್ಬೇಡ ಕಂದ. ಚಿಲಕ ಹಾಕಿದೆ."

ಮಚ್ಚು ಬಂತು. ಮೊದಲ ಏಟಿಗೆ ಅದರ ಮೂತಿ ಹಲಗೆಯಿಂದ ಒಳಗೆ ಇಣುಕಿತು. ಎರಡನೆಯದಕ್ಕೆ ಒಂದು ಸೀಳು ಎದ್ದಿತು. ಚಿಲಕದ ಸ್ಕ್ರೂಗಳು ಅಲ್ಲಾಡುತ್ತವೆಯೇ ಎಂದು ನಾನು ನೋಡುತ್ತಿದ್ದೆ. ನನ್ನ ತಪ್ಪಿದ ಎರಡು ತೂತುಗಳನ್ನು ನೋಡುತ್ತಿದ್ದೆ. ಅತ್ತೆ ಎರಡೂ ಅಂಗೈಗಳನ್ನು ಬಾಗಿಲಿಗೆ ಒತ್ತಿ ನಿಂತಿದ್ದರು. ಮೂರನೆಯ ಏಟು ಅವರ ಬೆರಳುಗಳ ಪಕ್ಕದಲ್ಲೇ ಬಿತ್ತು. ಅವರು ಕೈ ತೆಗೆಯಲಿಲ್ಲ.

"ಹೊಡೀರಿ" ಎಂದರು ಬಾಗಿಲಿಗೆ. "ಮಗನ್ನ ಹೊಡೆದಾಯ್ತು. ಬಾಗಿಲೂ ಹೊಡೀರಿ."

"ಅಪ್ಪ, ಸಾಕು!" ಮೈದುನನ ಧ್ವನಿ. "ಬೀದಿ ಪೂರ್ತಿ ನಿಂತಿದೆ. ಅಣ್ಣನ್ನ ಕೊಂದಿದ್ದು ಸಾಲ್ಲಿಲ್ವಾ ನಿಂಗೆ?"

ಅವನು ಅದನ್ನು ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿಬಿಟ್ಟಿದ್ದ. ಆಮೇಲೆ ಅವನಿಗೇ ಗೊತ್ತಾಯಿತು. ಹೊರಗೆ ಗುದ್ದಾಟದ ಸದ್ದು, ಏನೋ ಲೋಹ ನೆಲಕ್ಕೆ ಬಿದ್ದ ಸದ್ದು, ಮೈದುನ ನೋವಿನಿಂದ ನರಳಿದ ಸದ್ದು. ಅರ್ಧ ಇಳಿದ ಷಟರಿನ ಕೆಳಗಿನಿಂದ ಯಾರೋ ನುಗ್ಗಿ ಬಂದರು. ದರ್ಜಿಯ ಗಂಟಲು ಕೇಳಿಸಿತು. ಅವನ ಹೆಂಡತಿಯ ಗಂಟಲು ಅದಕ್ಕಿಂತ ಜೋರಾಗಿ ಕೇಳಿಸಿತು. "ಮಚ್ಚು ತಗೊಳ್ರೀ ಮೊದ್ಲು, ಮಚ್ಚು!"

ಸದ್ದು ಅಡಗಿದ ಮೇಲೂ ನಾವು ತೆರೆಯಲಿಲ್ಲ. ಅತ್ತೆ ಬಗ್ಗಿ ಬೇಳೆ ಗುಡಿಸತೊಡಗಿದರು.

"ಹೇಗೂ ಇಲ್ಲೇ ಇದ್ದೀವಿ" ಎಂದರು. "ಮಗೂಗೆ ಹಸಿವಾಗಿರುತ್ತೆ. ಅಕ್ಕಿ ತೊಳಿ."

ಅಕ್ಕಿ ತೊಳೆದೆ. ಕೆನ್ನೆಯ ಒಳಗಿನ ರಕ್ತವನ್ನು ಉಗಿದು, ಅದೇ ನೀರಿನಲ್ಲಿ ಬಾಯಿ ಮುಕ್ಕಳಿಸಿದೆ. ಚಿಲಕ ಹಾಕಿದ ಕೋಣೆಯಲ್ಲಿ ಮೂವರೂ ನೆಲದ ಮೇಲೆ ಕೂತು ಬಿಸಿ ಬಿಸಿ ಉಂಡೆವು. ಆ ಮನೆಯಲ್ಲಿ ಅತ್ತೆ ಎರಡನೆಯ ಸಲ ಬಡಿಸಿಕೊಂಡದ್ದನ್ನು ನಾನು ಮೊದಲ ಬಾರಿ ನೋಡಿದೆ.

*

ಬೆಳಿಗ್ಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊರಟವು. ಮಾವ ಕೊರಡಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದರು. ಭುಜಕ್ಕೆ ಎಣ್ಣೆ ಹಚ್ಚಿತ್ತು. ಮಚ್ಚು ದರ್ಜಿಯ ಮನೆಯಲ್ಲೇ ಇತ್ತು. ಮೆಣಸು ಅವರ ಮುಂದೆ ನಿಂತಳು. ಅವರು ತಲೆ ಎತ್ತಲಿಲ್ಲ. ಅವಳು "ಏಳು ತಾತ" ಎಂದು ಶುರು ಮಾಡಿ, ಉಳಿದದ್ದನ್ನು ಹೇಳದೆ ಬಂದಳು.

ಮೈದುನ ಕಟ್ಟು ಹಾಕಿದ ಕೈಯಲ್ಲೇ ಟ್ರಂಕನ್ನು ಮೂಲೆಯವರೆಗೆ ಹೊತ್ತು ತಂದ. "ಠಾಣೇಲಿ ನನ್ನನ್ನ ಕೇಳಿದ್ರೆ ಏನು ಹೇಳ್ಲಿ ಅತ್ತಿಗೆ?"

"ನಿನ್ನೆ ಹೇಳಿದ್ದನ್ನೇ ಹೇಳು."

ಅವನು ಟ್ರಂಕನ್ನು ಇಳಿಸಿ, ತಿರುಗಿ ನೋಡದೆ ಹೋದ.

ಅತ್ತೆ ಬರಲಿಲ್ಲ. "ಬಿಚ್ಚಿ ಬಿಸಾಕಿದ್ರೆ?" ಎಂದು ನಾನು ಚಿಲಕ ತೋರಿಸಿದ್ದೆ. "ಬಿಚ್ಬೇಕಾದ್ರೆ ಒಳಗೆ ಬರಬೇಕಲ್ಲ" ಎಂದಿದ್ದರು. ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ಬೈರಿಗೆಯನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ನನ್ನ ಕೈಗೆ ಕೊಟ್ಟವರೂ ಅವರೇ.

ಶಾಲೆಯಲ್ಲಿ ಪೂಜೆ ಮುಗಿದಿತ್ತು. ಅಂಗಳದ ತುಂಬ ಕುರ್ಚಿಗಳು ನಡೆಯುತ್ತಿದ್ದವು. ಕೆಲವು ಮಕ್ಕಳು ತಲೆಯ ಮೇಲೆ ಹೊತ್ತಿದ್ದರು, ಕೆಲವರು ಎಳೆಯುತ್ತಿದ್ದರು, ಟೀಚರುಗಳು ಬೈಯುತ್ತಿದ್ದರು. ಮೆಣಸು ತನ್ನ ಕುರ್ಚಿ ತರಲು ಓಡಿದಳು. ತುಟಿಗೆ ಹೊಲಿಗೆ ಬಿದ್ದಿದ್ದ ಹುಡುಗಿ ಬಾಗಿಲಲ್ಲಿ ಸಿಕ್ಕಿಕೊಂಡಿದ್ದಳು, ಕುರ್ಚಿ ಅಡ್ಡವಾಗಿತ್ತು. ಮೆಣಸು ಹತ್ತಿರ ಹೋದಾಗ ಆ ಮಗು ಮುಖಕ್ಕೆ ಕೈ ಅಡ್ಡ ಹಿಡಿಯಿತು. ಮೆಣಸು ನಿಂತು ನೋಡಿದಳು. ಆಮೇಲೆ ಕುರ್ಚಿಯ ಕಾಲು ಹಿಡಿದು ಓರೆ ಮಾಡಿಕೊಟ್ಟಳು. ಇಬ್ಬರ ಕುರ್ಚಿಗಳೂ ಮೂರನೇ ತರಗತಿಗೆ, ನನ್ನ ಕೋಣೆಗೆ, ಹೋದವು.

ಹೆಡ್ ಸಿಸ್ಟರ್ ವರಾಂಡದಲ್ಲಿ ಮಂಡಿಯೂರಿ ಕೂತಿದ್ದರು. ಕಾಲು ಅಲ್ಲಾಡುವ ಕುರ್ಚಿಗಳು ಇನ್ನೂ ಉಳಿದಿದ್ದವು. ನನ್ನ ಕೆನ್ನೆ ನೋಡಿದರು. ಟ್ರಂಕು ನೋಡಿದರು.

"ಠಾಣೆಗೆ ಊಟ ಆದ ಮೇಲೆ ಹೋಗೋಣ" ಎಂದರು.

"ಹೂಂ."

ಬಟ್ಟೆ ಬಿಚ್ಚಿ ಬೈರಿಗೆ ಕೊಟ್ಟೆ. ಅವರು ಹಿಡಿಯನ್ನು ಎರಡು ಸುತ್ತು ತಿರುಗಿಸಿ ನೋಡಿದರು. ಮೊನೆಯ ಸುರುಳಿಯಲ್ಲಿ ಸಿಕ್ಕಿಕೊಂಡಿದ್ದ ಸೋಪಿನ ಚೂರು ಕಳಚಿ ಅವರ ಅಂಗೈ ಮೇಲೆ ಬಿತ್ತು. ಮೂಗಿನ ಹತ್ತಿರ ತಂದು ಮೂಸಿದರು.

"ಸಣ್ಣ ಕೆಲಸ ಅಂದಿದ್ರು ನಿಮ್ಮವರು. ಆಯ್ತಾ?"

"ಆಯ್ತು ಸಿಸ್ಟರ್. ಮಚ್ಚಿಗೂ ಅಲ್ಲಾಡಲಿಲ್ಲ."

ಅವರು ಚೂರನ್ನು ಒರೆಸಿಕೊಂಡು, ಮುಂದಿನ ಕುರ್ಚಿಯನ್ನು ನನ್ನ ಕಡೆ ತಳ್ಳಿದರು. ನಾನು ಕೂತು ಅದರ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.